ಕುಂಡಕ್ಕನ ತಗಡಿನ ಬಕೆಟ್

ಬೆಳಗಿನ ಆರು ಗಂಟೆ. ಗಾಜಿನ ಮನೆಯ ಬಾಗಿಲು ತೆಗೆದವರೇ ಕುಂಡಕ್ಕ ನೂರಿಪ್ಪತ್ತು ಕುಂಡಗಳ ಮೇಲೂ ಕಣ್ಣಾಡಿಸುತ್ತಾರೆ. ಅರ್ಧದಲ್ಲಿ ಒಳ್ಳೆಯ ಮಣ್ಣು, ಇನ್ನರ್ಧದಲ್ಲಿ ತೈಲಬಾವಿ ಕೊರೆದಾಗ ಮೇಲೆ ಬಂದ ಕೆಸರು ಬೆರೆತ ಮಣ್ಣು. ಎರಡರಲ್ಲೂ ಪಾಲಕ್. ಮಣ್ಣಿನ ಲೋಹ ಎಲೆಗೆ ಎಷ್ಟು ಏರುತ್ತದೆ ಎಂದು ನೋಡುವುದು ಇಲ್ಲಿನ ಕೆಲಸ.

ನೀರು ಹಾಕುವುದು, ಎಲೆ ಕೊಯ್ದು ಮೂರು ನೀರಿನಲ್ಲಿ ತೊಳೆದು ಒಣಗಿಸುವುದು ಎಲ್ಲ ಇವರ ಪಾಲಿಗೆ. ಸೊಸೆ ತನಗಿಂತ ಸೊಪ್ಪಿಗೇ ಹೆಚ್ಚು ಸ್ನಾನ ಮಾಡಿಸುತ್ತಾಳೆಂದು ಅತ್ತೆ ಛೇಡಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಹನ್ನೊಂದು ವರ್ಷದಿಂದ ಓಗೊಡುವುದು ಮಾತ್ರ ಕುಂಡಕ್ಕ ಅಂದರೇ.

ಕುಂಡಗಳಿಗೆ ತುಂಬಿದ ಆ ಕೆಸರು ಮಣ್ಣು ಬಂದದ್ದು ಬಾವಿಯ ಪಕ್ಕದ ಇವರದೇ ಹೊಲದಿಂದ. ಎಲೆಯಲ್ಲಿ ಲೋಹ ಮಿತಿ ಮೀರಿದರೆ ಹೊಲಕ್ಕೆ ಬೇಲಿ ಬಿದ್ದು ಬೇಸಾಯ ನಿಲ್ಲುತ್ತಿತ್ತು, ಅಷ್ಟೇ.

ಕಳೆದ ವರ್ಷ ಬಂದ ವರದಿಯಲ್ಲಿ ಸತು ಮಿತಿಗಿಂತ ಎಷ್ಟೋ ಪಾಲು ಹೆಚ್ಚು. ವಿಚಿತ್ರವೆಂದರೆ ಒಳ್ಳೆಯ ಮಣ್ಣಿನ ಗಿಡದಲ್ಲೂ ಅಷ್ಟೇ! ಪ್ರಯೋಗಾಲಯದ ಮೇಡಂ ತಲೆ ಕೆರೆದುಕೊಂಡರು. ಕುಂಡಕ್ಕನ ಕಣ್ಣು ಮೂಲೆಯಲ್ಲಿದ್ದ ಬಕೆಟ್ಟಿನ ಮೇಲೆ ಬಿತ್ತು. ಪ್ಲಾಸ್ಟಿಕ್ ಕ್ಯಾನಿನ ಮೂತಿ ಮುರಿದಾಗ ಮನೆಯಿಂದ ತಗಡಿನ ಬಕೆಟ್ ತಂದು, ಸಂಜೆಯೇ ನೀರು ತುಂಬಿಟ್ಟು ಬೆಳಿಗ್ಗೆ ಹಾಕುತ್ತಿದ್ದವರು ಅವರೇ. ಆ ತಗಡಿಗೆ ಬಳಿದಿರುವುದೇ ಸತು. ಕೆಲಸ ಹೋದರೆ ಹೋಗಲಿ ಎಂದು ಮೇಡಂ ಮುಂದೆ ನಿಂತರು.

"ಮಣ್ಣಿನ ತಪ್ಪಲ್ಲ ಮೇಡಂ, ನನ್ನ ಬಕೆಟ್‌ದು. ಎರಡಕ್ಕೂ ಅದೇ ನೀರು ಹಾಕಿದ್ದು ನಾನೇ."

ಮೇಡಂ ಬೈಯಲಿಲ್ಲ. ಬಕೆಟ್ಟಿನ ನೀರನ್ನೇ ಪರೀಕ್ಷಿಸಿದರು; ಕಳ್ಳ ಸಿಕ್ಕಿಬಿದ್ದ. ಆಮೇಲೆ ಎರಡೂ ಬಗೆಯ ಮಣ್ಣನ್ನು ಹೊಸದಾಗಿ ತಂದು ತುಂಬಿ, ಬೀಜದಿಂದ ಮತ್ತೆ ಶುರು. ಮೂರು ಬೆಳೆ ಬೆಳೆದು ನೋಡಿದ ಮೇಲೆ ಈ ತಿಂಗಳು ವರದಿ ಕೈಸೇರಿದೆ: ಸತು, ಸೀಸ ಎಲ್ಲವೂ ಮಿತಿಯೊಳಗೆ. ಹೊಲ ಉಳಿಯಿತು. ಓದಿ ಹೇಳಿದ ಮೇಡಂ ಕೈಯನ್ನು ಕುಂಡಕ್ಕ ಎಷ್ಟು ಹೊತ್ತಾದರೂ ಬಿಡಲಿಲ್ಲವಂತೆ. ತಪ್ಪಿತಸ್ಥ ಬಕೆಟ್ ಈಗ ಮನೆ ಬಾಗಿಲಲ್ಲಿ ಚೆಂಡುಹೂ ಹೊತ್ತು ಶಿಕ್ಷೆ ಅನುಭವಿಸುತ್ತಿದೆ.

ಕೆಲಸ ಮುಗಿಸಿ ಅವರು ನೇರ ಹೊಲಕ್ಕೆ ನಡೆಯುತ್ತಾರೆ. ಎರಡೆಲೆ ಒಡೆದ ಪಾಲಕ್ ಸಾಲು ತುದಿಯವರೆಗೂ ಹಸಿರು. ಅಭ್ಯಾಸಬಲದಿಂದ ಕುಂಡಗಳಿಗೆ ಸಿಕ್ಕಿಸುವ ನಂಬರಿನ ಚೀಟಿಗೆಂದು ಸೊಂಟದ ಚೀಲಕ್ಕೆ ಕೈ ಹಾಕಿ, ನಕ್ಕು, ವಾಪಸ್ ತೆಗೆಯುತ್ತಾರೆ.

"ಇದಕ್ಕೆ ನಂಬರ್ ಬೇಡ ಬಿಡಿ. ಇದು ಲ್ಯಾಬಿಗೆ ಹೋಗಲ್ಲ, ನಮ್ಮತ್ತೆ ತಟ್ಟೆಗೆ ಹೋಗುತ್ತೆ."