ಕ್ರೋಯ್ಡನ್‌ನಲ್ಲಿ ಎತ್ತದ ಕೈ

ಲಂಡನ್ನಿನ ಕ್ರೋಯ್ಡನ್‌ನ ಕನ್ನಡ ಕುಟುಂಬಗಳು ಯುಗಾದಿ ಊಟ ಗೊತ್ತುಮಾಡುತ್ತಿದ್ದವು. ಒಬ್ಬರು ಬೇಡವೆಂದರೂ ಆ ಅಡುಗೆ ಇಲ್ಲ. ಹಾಗಾಗಿ ಪ್ರತಿ ವರ್ಷ ಯಾರೂ ಬೇಡವೆನ್ನದ ಚಿತ್ರಾನ್ನವೇ. ಡಾಕ್ಟರ್ ಗಿರಿಜಕ್ಕನ ಇಟಾಲಿಯನ್ ಅಳಿಯ ಇಂಗ್ಲಿಷಿನಲ್ಲಿ ರೇಗಿದ: ಯುರೋಪಿಯನ್ ಯೂನಿಯನ್ನೂ ಹೀಗೇ ಕುಂಟುತ್ತಿದೆ, ವಿದೇಶ ನೀತಿಯಲ್ಲಿ ಒಂದು ದೇಶ ಒಲ್ಲೆನೆಂದರೆ ಎಲ್ಲವೂ ನಿಲ್ಲುತ್ತದೆ, ಬಹುಮತ ತನ್ನಿ. ಆ ಕುಟುಂಬಗಳಲ್ಲಿ ಧಾರವಾಡದವರೇ ಹೆಚ್ಚು, ಬಹುಮತ ಬಂದರೆ ಅವರ ಜೋಳದ ರೊಟ್ಟಿ ಗೆಲ್ಲುವುದು ಖಚಿತ.

"ಸರ್, ಇದನ್ನೇ ಅಲ್ವಾ ನೀವು ಪಾಠ ಮಾಡಿದ್ದು? ಯಾವುದು ಸರಿ?" ಎಂದು ಹಳೆಯ ವಿದ್ಯಾರ್ಥಿಯೊಬ್ಬರು, ಅತಿಥಿಯಾಗಿ ಬಂದಿದ್ದ ರಾಜ್ಯಶಾಸ್ತ್ರದ ಮೇಷ್ಟರಾದ ನನ್ನನ್ನು ಕೇಳಿದರು. ಬಹುಮತವೇ ಸರಿಯೆಂದು ಕಲಿಸಿದ್ದೆನೋ, ಸಣ್ಣವರಿಗೆ ತಡೆಯುವ ಹಕ್ಕಿರಬೇಕೆಂದೋ, ನೆನಪಾಗಲಿಲ್ಲ.

ನಿಯಮ ಬದಲಿಸಲೂ ಎಲ್ಲರ ಒಪ್ಪಿಗೆ ಬೇಕಿತ್ತು. ರೊಟ್ಟಿ ಒಲ್ಲದ ಮಂಗಳೂರಿನ ಎರಡು ಮನೆಯವರೂ ಹಿಂಜರಿಯುತ್ತಲೇ ಕೈ ಎತ್ತಿದರು. ಗಿರಿಜಕ್ಕ ಎತ್ತಲಿಲ್ಲ.

"ಅವ್ವಾ, ರೊಟ್ಟಿ ನಿನಗೇ ಬೇಕಿತ್ತಲ್ಲ!" ಎಂದಳು ಮಗಳು.

"ಬೇಕು. ಆದ್ರ ಪ್ರತಿ ಸಲ ಸೋಲೋವ್ರು ಊಟಕ್ಕ ಯಾಕ ಬರ್ತಾರ?"

ಮತವೇ ಇಲ್ಲದ ನಾನೂ ಕೈ ಎತ್ತಿದ್ದೆ. ಇಳಿಸಬೇಕೋ ಬೇಡವೋ ತಿಳಿಯಲಿಲ್ಲ.