ಸತ್ತವರ ಬಾಗಿಲಿರುವ ಊರು

ಕಳೆದ ಶುಕ್ರವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಸುಮಾ ಒಂದು ಕೆಟ್ಟ ಮೊಟ್ಟೆ ಒಡೆದಳು. ಆದದ್ದು ಇಷ್ಟೇ. ವಾಸನೆ ಮೂಗಿಗೆ ತಾಗಿದ್ದೇ ನಾನು ಮಗಳನ್ನು ಎತ್ತಿಕೊಂಡು, ಉಟ್ಟ ಲುಂಗಿಯಲ್ಲೇ ಗಲ್ಫಿನ ಐನ್ ಖಾಲಿದ್‌ನ ನಮ್ಮ ಮನೆಯ ಗೇಟು ದಾಟಿ ರಸ್ತೆಗೆ ಬಂದು ನಿಂತಿದ್ದೆ. ನಿಂತು ಏನು ಮಾಡಿದೆ ಎಂದು ಕೇಳಿ. ಎದುರು ಮನೆಯ ತಾರಸಿಯಲ್ಲಿ ಒಣಗಲು ಹಾಕಿದ್ದ ಬಟ್ಟೆ ಯಾವ ಕಡೆಗೆ ಹಾರುತ್ತಿದೆ ಎಂದು ನೋಡಿದೆ. ಓಡುವುದಾದರೆ ಗಾಳಿಗೆ ಅಡ್ಡವಾಗಿ ಓಡಬೇಕು ಎನ್ನುವುದು ನಮಗೆ ಪ್ಲಾಂಟಿನಲ್ಲಿ ಕಲಿಸಿದ ಮೊದಲ ಪಾಠ.

“ಅಪ್ಪ, ಇದು ಡ್ರಿಲ್ಲಾ, ರಿಯಲ್ಲಾ?” ಎಂದು ಮಗಳು ನನ್ನ ತೋಳಿನಲ್ಲಿದ್ದುಕೊಂಡೇ ವಿಚಾರಿಸಿದಳು.

ಸುಮಾ ಬಾಗಿಲಿಗೆ ಬಂದು, “ಕೋಳಿಮೊಟ್ಟೆ ಕಣ್ರೀ ಅದು. ಒಳಗೆ ಬನ್ನಿ, ಎದುರು ಮನೆಯವರು ನೋಡ್ತಿದ್ದಾರೆ” ಎಂದಳು.

ಒಳಗೆ ಹೋದೆ. ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ನಾನು ಕೆಲಸ ಮಾಡುವ ಕಡೆ ನೆಲದಿಂದ ಬರುವ ಗ್ಯಾಸಿನಲ್ಲಿ ಇದೇ ವಾಸನೆಯ ಒಂದು ವಿಷ ಬೆರೆತಿರುತ್ತದೆ. ವಾಸನೆ ಬಂದಾಗ ಹೆದರಬೇಕು. ಬರುತ್ತಿದ್ದದ್ದು ಥಟ್ಟನೆ ನಿಂತಾಗ ಇನ್ನೂ ಹೆಚ್ಚು ಹೆದರಬೇಕು. ಪ್ರಮಾಣ ಏರಿದಾಗ ಅದು ಮೊದಲು ಮೂಗಿನ ಶಕ್ತಿಯನ್ನೇ ಕೊಂದುಹಾಕುತ್ತದೆ.

ಇಷ್ಟೆಲ್ಲ ಹೇಳಿದರೂ ನಾನು ಬರೆಯಲು ಕೂತದ್ದು ಇಟಲಿಯ ಒಂದು ಸಣ್ಣ ಊರಿನ ಬಗ್ಗೆ. ಅದನ್ನು ನಾನು ನೋಡಿಲ್ಲ. ಅದರ ಹೆಸರನ್ನು ಸರಿಯಾಗಿ ಉಚ್ಚರಿಸಲೂ ನನಗೆ ಬರುವುದಿಲ್ಲ. ಆದರೆ ನನ್ನ ಕಣ್ಣು ಕಟ್ಟಿ ಅದರ ಕೋಟೆಬಾಗಿಲಲ್ಲಿ ಬಿಟ್ಟರೆ ಗಡಿಯಾರದ ಗೋಪುರದವರೆಗೆ ಎಡವದೆ ಹೋಗಿ ಮುಟ್ಟುತ್ತೇನೆ. ಹುಟ್ಟಿ ಬೆಳೆದ ಮದ್ದೂರಿನಲ್ಲಿ ಹಾಗೆ ಬಿಟ್ಟರೆ ಚರಂಡಿಗೆ ಬೀಳುವುದು ಖಂಡಿತ.

ಆ ಊರಿನವರು ರೆಂಜೊ. ಅರವತ್ತು ದಾಟಿದ ಮೆಕ್ಯಾನಿಕ್, ಕಂಪ್ರೆಸರ್ ರಿಪೇರಿಗೆಂದು ನಮ್ಮ ಪ್ಲಾಂಟಿಗೆ ಬಂದು ಎರಡು ವರ್ಷ ಉಳಿದವರು. ಊಟದ ಹೊತ್ತಿನಲ್ಲಿ, ಮುಗಿದುಹೋದ ಕೆಲಸದ ಪರ್ಮಿಟ್ ಹಾಳೆಗಳ ಹಿಂದೆ ತಮ್ಮ ಊರಿನ ನಕ್ಷೆ ಬರೆದು ತೋರಿಸುತ್ತಿದ್ದರು. ಒಳಗೆ ಹೋಗುವಾಗ ಗೇಟಿನಲ್ಲಿ ಆ ಪರ್ಮಿಟ್ ಕೊಟ್ಟು, ಹೊರಗೆ ಬರುವಾಗ ತಿರುಗಿ ತೆಗೆದುಕೊಳ್ಳುತ್ತಿದ್ದವರು ಉಪ್ಪಿನಂಗಡಿಯ ಹಮೀದ್ ಕಾಕ. ಇಪ್ಪತ್ತೈದು ವರ್ಷದಿಂದ ಇಲ್ಲಿದ್ದಾರೆ. ನನ್ನೊಡನೆ ಕನ್ನಡ, ಉಳಿದವರೊಡನೆ ಅವರವರ ಭಾಷೆ. ಒಂದು ದಿನ ರೆಂಜೊ, ನಿನ್ನ ಊರಿನಲ್ಲಿ ನೋಡುವಂಥದ್ದು ಏನಿದೆ ಎಂದು ನನ್ನನ್ನು ಕೇಳಿದರು. ನಾನು ಯೋಚಿಸುತ್ತಾ ಕೂತೆ.

“ವಡೆ ಉಂಟು ಅಂತ ಹೇಳಿ ಮಾರಾಯ್ರೆ. ಅಷ್ಟು ಯೋಚನೆ ಎಂತಕ್ಕೆ?” ಎಂದರು ಹಮೀದ್ ಕಾಕ.

ವಡೆ ಎಂದೇ ಹೇಳಿದೆ. ರಾತ್ರಿ ನೆನಪಾಯಿತು, ನಮ್ಮ ಬೀದಿಯ ತಿರುವಿನಲ್ಲಿ ಒಂದು ವೀರಗಲ್ಲು ಇತ್ತು. ಹಾಲಿನ ಕ್ಯಾನು ಇಡಲು ಬಹಳ ಅನುಕೂಲವಾಗಿತ್ತು. ಆ ವೀರ ಯಾರು, ಯಾರ ದನಕ್ಕಾಗಿ ಸತ್ತ ಎಂದು ನಾವು ಯಾರೂ ಕೇಳಿದವರಲ್ಲ.

ರೆಂಜೊ ಅವರ ಊರಿನಲ್ಲಿ ಕಲ್ಲುಗಳನ್ನು ಹಾಗೆ ಸುಮ್ಮನಿರಲು ಬಿಡುವುದಿಲ್ಲ. ಕೋಟೆಗೋಡೆಯನ್ನೇ ನೋಡಿ. ಬುಡದಲ್ಲಿ ಆನೆಗಾತ್ರದ ಕಲ್ಲು, ಅದು ರೋಮನ್ನರಿಗಿಂತ ಹಿಂದಿನವರದ್ದು. ನಡುವೆ ರೋಮನ್ನರ ಅಚ್ಚುಕಟ್ಟು ಕೆಲಸ. ಮೇಲೆ ಅವಸರದಲ್ಲಿ ಕಟ್ಟಿದ ಸಣ್ಣ ಕಲ್ಲು. ಮೂರು ಕಾಲದ ಜನ, ಒಂದೇ ಗೋಡೆ. ಪುರಸಭೆಯ ಕಟ್ಟಡದ ಹೊರಗೋಡೆಯಲ್ಲಿ ಒಂದು ಇಟ್ಟಿಗೆಯ, ಒಂದು ಹೆಂಚಿನ, ಒಂದು ಮೊಳ ಬಟ್ಟೆಯ ಅಳತೆಯನ್ನು ಕಲ್ಲಿನಲ್ಲಿ ಕೊರೆದಿದ್ದಾರಂತೆ. ಕೊಂಡ ಹೆಂಚನ್ನು ತಂದು ಆ ಗುಳಿಯಲ್ಲಿಟ್ಟು ನೋಡಬಹುದು. ಅಂಗಡಿಯವನು ಮೋಸ ಮಾಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಗೋಪುರದ ಗಡಿಯಾರಕ್ಕೆ ಒಂದೇ ಮುಳ್ಳು, ಆರೇ ಅಂಕಿ. ಮುಳ್ಳು ದಿನಕ್ಕೆ ನಾಲ್ಕು ಸುತ್ತು ಹೊಡೆಯುತ್ತದೆ. ನಿಮಿಷಗಳ ಗೊಡವೆಯೇ ಇಲ್ಲ.

ಇಷ್ಟು ನನಗೆ ಊಟದ ಹೊತ್ತಿನಲ್ಲಿ ಗೊತ್ತಾದದ್ದು. ಉಳಿದದ್ದು ಗೊತ್ತಾದದ್ದು ಒಂದೇ ದಿನದಲ್ಲಿ, ಶೆಲ್ಟರ್ ರೂಮಿನಲ್ಲಿ.

ಅದು ಹೀಗಾಯಿತು. ಬೆಳಿಗ್ಗೆ ಹತ್ತರ ಸುಮಾರಿಗೆ ಒಂದು ವಾಲ್ವು ಸೋರಿ ಸೈರನ್ ಹೊಡೆಯಿತು. ಗಾಳಿಯಾಡದಂತೆ ಮುಚ್ಚುವ ಒಂದು ಕೋಣೆ ಇಂಥ ಹೊತ್ತಿಗೆಂದೇ ಇರುತ್ತದೆ. ನಾವು ಹತ್ತು ಜನ ಅದರೊಳಗೆ ಸೇರಿದೆವು. ಬಾಗಿಲ ಹತ್ತಿರವಿದ್ದವನು ನಾನು, ಹಾಗಾಗಿ ಬಾಗಿಲ ಜವಾಬ್ದಾರಿಯೂ ನನ್ನದೇ. ಬೆಳಿಗ್ಗೆ ನಮ್ಮೊಡನೆ ಕೆಲಸಕ್ಕೆ ಬಂದಿದ್ದ ರೆಂಜೊ ಮಾತ್ರ ಕಾಣಲಿಲ್ಲ. ಹೊರಗೆ ಹೋದವರ ಲೆಕ್ಕ ಗೇಟಿನಲ್ಲಿರುವ ಹಮೀದ್ ಕಾಕನ ಹತ್ತಿರ. ವಾಕಿಟಾಕಿಯಲ್ಲಿ ಇಂಗ್ಲಿಷ್ ಮಾತ್ರ ಆಡಬೇಕೆಂಬ ನಿಯಮವನ್ನು ಮರೆತು ಕೇಳಿದೆ: “ಕಾಕಾ, ರೆಂಜೊ ಎಲ್ಲಿ?”

“ರೆಂಜೊ ಖಲಾಸ್ ಮಾರಾಯ್ರೆ. ನೀವು ಬಾಗಿಲು ಹಾಕಿ.”

ಈ ದೇಶದಲ್ಲಿ ‘ಖಲಾಸ್’ ಎಂದರೆ ಮುಗಿಯಿತು, ಅಷ್ಟೇ. ಊಟ ಖಲಾಸ್, ಡ್ಯೂಟಿ ಖಲಾಸ್, ಪರ್ಮಿಟ್ ಖಲಾಸ್. ದಿನಕ್ಕೆ ನಲವತ್ತು ಸಲ ಕೇಳುತ್ತೇನೆ, ಹತ್ತು ಸಲ ನಾನೇ ಹೇಳುತ್ತೇನೆ. ಆದರೆ ಅದು ಕನ್ನಡ ವಾಕ್ಯದೊಳಗೆ ಬಂತು ನೋಡಿ, ನನ್ನ ಕಿವಿ ಅದನ್ನು ಮದ್ದೂರಿನ ಅರ್ಥದಲ್ಲಿ ಕೇಳಿಸಿಕೊಂಡಿತು. ನಮ್ಮ ಕಡೆ ಮನುಷ್ಯ ಖಲಾಸ್ ಎಂದರೆ ಸತ್ತ ಎಂದೇ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಕಾಕ ಹೇಳಿದ್ದು ರೆಂಜೊ ಪರ್ಮಿಟ್ ಮುಗಿಸಿ ಹೊರಗೆ ಹೋಗಿದ್ದಾರೆ ಎಂದು. ರೆಂಜೊ ಹೋಗಿದ್ದೂ ನಿಜ. ಆದರೆ ಮರೆತ ಕನ್ನಡಕ ತರಲು ಯಾರಿಗೂ ಹೇಳದೆ, ಗೇಟಿನಲ್ಲಿ ಯಾರ ಕಣ್ಣಿಗೂ ಬೀಳದೆ ತಿರುಗಿ ಒಳಗೆ ಬಂದಿದ್ದರು ಎನ್ನುವುದು ಕಾಕನಿಗೆ ಗೊತ್ತಿರಲಿಲ್ಲ.

ನಾನು ಬಾಗಿಲು ಹಾಕಿದೆ. ಎರಡು ನಿಮಿಷವೂ ಆಗಿರಲಿಲ್ಲ, ಹೊರಗಿನಿಂದ ಬಡಿದ ಸದ್ದು.

ಬಾಗಿಲಲ್ಲಿ ಅಂಗೈಯಗಲದ ಗಾಜು ಇದೆ. ಅದರಾಚೆ ವಿಷಗಾಳಿ ತಡೆಯುವ ತುರ್ತು ಮುಸುಕು ಹಾಕಿಕೊಂಡ ಒಂದು ತಲೆ. ಯಾರೆಂದು ಗುರುತು ಸಿಗಲಿಲ್ಲ. ಹಿಡಿಯ ಮೇಲೆ ನನ್ನ ಕೈ ಇತ್ತು. ಎರಡನೆಯ ಸಲ ಬಡಿದರು. ತೆರೆದರೆ ವಿಷ ಒಳಗೆ ಬರುತ್ತದೆ, ಅನುಮತಿಯಿಲ್ಲದೆ ತೆರೆಯಬಾರದು ಎಂಬ ನಿಯಮವೂ ಇದೆ. ಆದರೆ ನಿಯಮದ ಹೆಸರು ಹೇಳಿ ನಿಮಗೆ ಸುಳ್ಳು ಹೇಳಲಾರೆ. ನಾನು ಹೆದರಿದ್ದೆ. ಮೂರನೆಯ ಸಲ ಬಡಿದಾಗ ಹಿಂದಿದ್ದ ನೇಪಾಳದ ವೆಲ್ಡರ್ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ ತಾನೇ ಬಾಗಿಲು ತೆರೆದ. ರೆಂಜೊ ಒಳಗೆ ಬಿದ್ದರು. ಕೆಮ್ಮಿದರು, ವಾಂತಿ ಮಾಡಿದರು, ಬಹಳ ಹೊತ್ತಿನ ಮೇಲೆ ಗೋಡೆಗೆ ಒರಗಿ ಕೂತರು.

ಅಪಾಯ ಕಳೆಯಿತು ಎಂಬ ಆಲ್ ಕ್ಲಿಯರ್ ಬರಲು ಎರಡು ಗಂಟೆ ಹಿಡಿಯಿತು. ಬಾಗಿಲ ಹತ್ತಿರ ಇದ್ದವರು ಯಾರು ಎಂದು ರೆಂಜೊ ಕೇಳಿಬಿಟ್ಟರೆ? ಕೇಳಲು ಅವರಿಗೆ ಬಿಡುವು ಕೊಡಬಾರದು ಎಂದು ನಾನೇ ಅವರ ಊರಿನ ಬಗ್ಗೆ ಕೇಳತೊಡಗಿದೆ. ಚೌಕದ ಕೆಳಗೆ ಏನಿದೆ? ನೀರಿನ ದೊಡ್ಡ ತೊಟ್ಟಿ, ಮುತ್ತಿಗೆ ಹಾಕಿದಾಗ ಊರು ಕುಡಿಯುತ್ತಿದ್ದದ್ದು ಅದನ್ನೇ. ಚರ್ಚಿನ ಮುಂಭಾಗ ಏಕೆ ಬರೀ ಇಟ್ಟಿಗೆ? ಅಮೃತಶಿಲೆ ಬರಬೇಕಿತ್ತು, ಐನೂರು ವರ್ಷವಾದರೂ ಬಂದಿಲ್ಲ. ಅದನ್ನು ಸಿಕ್ಕಿಸಲು ಬಿಟ್ಟ ತೂತುಗಳಲ್ಲಿ ಪಾರಿವಾಳ ಸಂಸಾರ ಹೂಡಿವೆ. ಅದರ ಪಕ್ಕದ ಬೀದಿ?

ಆ ಬೀದಿಯ ಹಳೆಯ ಮನೆಗಳಿಗೆಲ್ಲ ಎರಡು ಬಾಗಿಲಂತೆ. ಒಂದು ಅಗಲ. ಅದರ ಪಕ್ಕದಲ್ಲೇ, ನೆಲದಿಂದ ಮೊಣಕಾಲೆತ್ತರದಲ್ಲಿ, ಇನ್ನೊಂದು ಇಕ್ಕಟ್ಟಾದದ್ದು.

“ಅದಕ್ಕೆ ಸತ್ತವರ ಬಾಗಿಲು ಎನ್ನುತ್ತೇವೆ” ಎಂದರು ರೆಂಜೊ. “ಹೆಣವನ್ನು ಅದರಲ್ಲಿ ಮಾತ್ರ ಹೊರಗೆ ಒಯ್ದು, ಮತ್ತೆ ಮುಚ್ಚಿಬಿಡುತ್ತಿದ್ದರಂತೆ. ನನ್ನ ಅಜ್ಜಿ ಅದರ ಮುಂದೆ ಹಾಯುವಾಗ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು.”

ನನ್ನ ಕಣ್ಣು ನಮ್ಮ ಬಾಗಿಲ ಹಿಡಿಯತ್ತ ಹೋಯಿತು. “ನಿಜವಾ?”

“ಯಾರಿಗೆ ಗೊತ್ತು. ಓದಿದವರು ಇಲ್ಲ ಎನ್ನುತ್ತಾರೆ. ಅಗಲದ್ದು ಅಂಗಡಿಗೆ, ಇದು ಮಹಡಿಯ ಮನೆಗೆ. ಶತ್ರುಗಳು ಬಂದರೆ ಮೆಟ್ಟಿಲು ಒಳಗೆಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಂದರೆ ಬದುಕಿದ್ದವರ ಬಾಗಿಲು.”

ರೆಂಜೊ ಊರಿಗೆ ಹೋಗಿ ವರ್ಷವಾಯಿತು. ತಿಂಗಳಿಗೊಂದು ಫೋಟೋ ಕಳಿಸುತ್ತಾರೆ. ನಾನು ಪ್ರಶ್ನೆ ಕಳಿಸುತ್ತೇನೆ: ಈ ಕಮಾನು ಯಾರು ಕಟ್ಟಿಸಿದ್ದು, ಆ ಸಿಂಹದ ಮೂಗು ಯಾರು ಮುರಿದದ್ದು. ಸುಮಾ ಒಮ್ಮೆ, “ಆ ಊರಿಗೆ ಅಳಿಯ ಆಗಿ ಹೋಗೋರ ಥರ ವಿಚಾರಿಸ್ತೀರಲ್ಲ” ಎಂದಳು. ನನ್ನ ಕುತೂಹಲ ನಿಜವಾದದ್ದೇ. ಆದರೆ ಅದು ಶುರುವಾದದ್ದು ಎಲ್ಲಿಂದ ಎಂದು ಅವಳಿಗೆ ಹೇಳಿರಲಿಲ್ಲ.

ಮೊನ್ನೆ ಶುಕ್ರವಾರ, ಆ ಮೊಟ್ಟೆ ಒಡೆದ ದಿನ, ಹೇಳಿದೆ. ಅವಳು ಕೇಳಿಸಿಕೊಂಡು, “ನನಗಲ್ಲ, ಅವರಿಗೆ ಹೇಳಿ” ಎಂದು ಫೋನನ್ನು ನನ್ನ ಮುಂದೆ ಇಟ್ಟು ಹೋದಳು.

ಫೋನ್ ಮಾಡಿದೆ. ಕ್ಷೇಮಸಮಾಚಾರವೂ ಇಲ್ಲದೆ, ಬಾಗಿಲ ಹಿಂದೆ ನಿಂತಿದ್ದವನು ನಾನು, ತೆರೆದವನು ನಾನಲ್ಲ ಎಂದು ಹೇಳಿ ಮುಗಿಸಿದೆ.

“ಗೊತ್ತು” ಎಂದರು ರೆಂಜೊ. “ಗಾಜಿನಲ್ಲಿ ನಿನ್ನ ಮುಖ ಕಾಣುತ್ತಿತ್ತು.”

“ಮತ್ತೆ ನೀವು ಒಂದು ಮಾತೂ ಆಡಲಿಲ್ಲ?”

“ನೀನು ಆಡಲು ಬಿಟ್ಟರೆ ತಾನೆ. ಒಂದೇ ಸಮನೆ ಊರಿನ ಬಗ್ಗೆ ಕೇಳುತ್ತಿದ್ದೆ. ಹೆದರಿದ ಮನುಷ್ಯ, ಕೇಳಿಕೊಳ್ಳಲಿ ಎಂದು ಹೇಳುತ್ತಾ ಹೋದೆ. ಆಮೇಲೆ ನನಗೂ ರುಚಿ ಹತ್ತಿತು. ನನ್ನ ಮಕ್ಕಳೂ ಅಷ್ಟು ಕೇಳಿದವರಲ್ಲ.”

ಆ ಊರಿನ ಒಂದೊಂದು ಕಲ್ಲಿನ ಬಗ್ಗೆಯೂ ಕೇಳಿದವನು, ಆ ದಿನದ ಬಗ್ಗೆ ಅವರನ್ನು ಒಂದು ಮಾತೂ ಕೇಳಿರಲಿಲ್ಲ ಎನ್ನುವುದು ಆಗ ಹೊಳೆಯಿತು.

“ಹೊರಗೆ ನಿಂತಿದ್ದಾಗ ನಿಮಗೆ ಹೇಗಿತ್ತು?” ಎಂದೆ.

“ನಿಜವಾಗಿ ಬೇಕಾ?”

“ಬೇಕು.”

ಅವರು ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. “ಎರಡನೆಯ ಸಲ ಬಡಿದಾಗ ನಿನ್ನ ಮೇಲೆ ಬಹಳ ಸಿಟ್ಟು ಬಂದಿತ್ತು” ಎಂದು ಶುರುಮಾಡಿದರು. ನಾನು ಮಧ್ಯೆ ಏನೂ ಕೇಳದೆ ಕೂತು ಕೇಳಿಸಿಕೊಂಡೆ.