ನಾದಿನಿಯ ಕುಂಟು ಕಾಲು

ಇಕ್ಕಳದಕ್ಕನಿಗೆ ಯಾರನ್ನೂ ನಂಬಿ ಅಭ್ಯಾಸವಿರಲಿಲ್ಲ. ಹಾಲನ್ನು ಎರಡು ಸಲ ಮೂಸಿ ನೋಡುವವಳು, ಬೀಗ ಹಾಕಿದ ಮೇಲೆ ಅರ್ಧ ದಾರಿಯಿಂದ ವಾಪಸು ಬಂದು ಜಗ್ಗಿ ನೋಡುವವಳು. ಗುಜರಿ ಅಂಗಳದಲ್ಲಿ ಹಳೆಯ ಕಿಟಕಿ ಬಾಗಿಲುಗಳ ಮೊಳೆ ಕೀಳುವುದು ಅವಳ ಕೆಲಸ. ಕೈಯಿಂದ ಇಕ್ಕಳ ಬಿಡದ್ದಕ್ಕೆ ಆ ಹೆಸರು. ಗಂಡ ಸಾಯುವಾಗ ಅವಳಿಗೆ ಎಚ್‌ಐವಿ ಬಿಟ್ಟುಹೋಗಿದ್ದ. ದೊಡ್ಡಾಸ್ಪತ್ರೆಯ ಹಿಂಬಾಗಿಲ ಕೋಣೆಯಿಂದ ಮಾತ್ರೆ ತಂದು, ಸೂಜಿದಾರದ ಡಬ್ಬಿಯ ತಳದಲ್ಲಿ ಅಡಗಿಸಿಡುತ್ತಿದ್ದಳು. ಅಂಗಳಕ್ಕೆ ಗುಟ್ಟು ತಿಳಿದರೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲ, ಕೆಲಸವೂ ಹೋಗುತ್ತದೆ. ಅವಳಿಗೆ ಅನುಮಾನವೇ ಇಲ್ಲದ ಸಂಗತಿ ಅದೊಂದೇ.

ದೊಡ್ಡ ಅನುಮಾನ ನಾದಿನಿಯ ಮೇಲೆ. ಗಂಡನ ತಂಗಿಯಾದ ಅವಳು ಅದೇ ಅಂಗಳದಲ್ಲಿ ಎದುರಿಗೇ ಕೂತು ತಗಡು ವಿಂಗಡಿಸುತ್ತಿದ್ದಳು. ಕೈ ತಗಡಿನ ಮೇಲೆ, ಕಣ್ಣು ಮಾತ್ರ ಇವಳ ಮೇಲೆ. ಏನೋ ಮಸಲತ್ತು ನಡೆದಿದೆ ಎಂದು ಇಕ್ಕಳದಕ್ಕ ಹಲ್ಲು ಕಡಿಯುತ್ತಿದ್ದಳು.

ಮಾಲೀಕ ವರ್ಷಕ್ಕೊಮ್ಮೆ ಕಾಂಪೌಂಡರನ್ನು ಕರೆಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಧನುರ್ವಾಯು ಬಾರದಂತೆ ಟಿಟಿ ಚುಚ್ಚಿಸುತ್ತಿದ್ದ. ಆಮೇಲೆ ಯಾರಿಗೆ ಮೊಳೆ ಹೊಕ್ಕರೂ ಒಂದೇ ಮಾತು: "ಟಿಟಿ ಆಗಿದೆ, ಬಿಡು." ಆಸ್ಪತ್ರೆಗೆ ಹೊರಟವರನ್ನು ವಾರಗಟ್ಟಲೆ ಗೇಲಿ ಮಾಡುತ್ತಿದ್ದರು.

ಮಾತ್ರೆ ಕೊಡುವ ನರ್ಸಮ್ಮ ಬೇರೆಯೇ ಹೇಳಿದ್ದರು. "ನಿಮ್ಮ ಕಾಯಿಲೇಲಿ ಆ ಚುಚ್ಚುಮದ್ದಿನ ಬಲ ಬೇಗ ಇಳಿದುಹೋಗಬಹುದು, ಕೆಲವರಿಗೆ ಸರಿಯಾಗಿ ಹತ್ತೋದೇ ಇಲ್ಲ. ಮಣ್ಣು ಮೆತ್ತಿದ ಗಾಯ ಆದ್ರೆ ಹಳೇದನ್ನ ನಂಬ್ಕೊಂಡು ಕೂರಬೇಡಿ, ಅವತ್ತೇ ಬನ್ನಿ. ಇನ್ನೊಂದು ಥರದ ಇಂಜೆಕ್ಷನ್ನೂ ಕೊಡಬೇಕು. ದವಡೆ ಕಚ್ಕೊಂಡ ಮೇಲೆ ಬಂದ್ರೆ ಕಷ್ಟ."

ಇಕ್ಕಳದಕ್ಕ ಅದನ್ನೂ ನಂಬಿರಲಿಲ್ಲ. ಊರಿಗೆಲ್ಲ ಒಂದು ಚುಚ್ಚುಮದ್ದು, ತನಗೆ ಮಾತ್ರ ಎರಡೇ? ತನ್ನ ಮೇಲೇನೋ ಪ್ರಯೋಗ ನಡೆಸುತ್ತಿದ್ದಾರೆ!

ಆ ದಿನ ಮಣ್ಣು ಹಿಡಿದ ಮೊಳೆಯೊಂದು ಚಪ್ಪಲಿ ತೂರಿ ಅಂಗಾಲಿಗೆ ಇಳಿಯಿತು.

"ಟಿಟಿ ಆಗಿದೆ, ಬಿಡಕ್ಕಾ," ಎಂದರು ಸುತ್ತಲಿನವರು. ಅವಳೂ ನಕ್ಕಳು, ನಗುತ್ತಲೇ ದವಡೆ ಆಡಿಸಿ ನೋಡಿಕೊಂಡಳು. ಆಸ್ಪತ್ರೆಗೆ ಹೋದರೆ ಯಾಕೆಂದು ಕೇಳುತ್ತಾರೆ, ಹೋಗದಿದ್ದರೆ ಜೀವವೇ ಹೋಗಬಹುದು.

ಅಷ್ಟರಲ್ಲಿ ನಾದಿನಿ ಚೀರಿದಳು. "ಅಯ್ಯಯ್ಯೋ, ನನಗೂ ಚುಚ್ಚಿಬಿಡ್ತು! ನಾನಂತೂ ಡಾಕ್ಟರ ಹತ್ರ ಹೋಗ್ತೀನಪ್ಪ. ಅತ್ತಿಗೆ, ಒಬ್ಬಳೇ ಹೋಗೋಕೆ ಭಯ, ಜೊತೆಗೆ ಬನ್ನಿ."

ಅಂಗಳವೆಲ್ಲ ಅವಳನ್ನು ನೋಡಿ ಬಿದ್ದು ಬಿದ್ದು ನಕ್ಕಿತು. ಇಕ್ಕಳದಕ್ಕನನ್ನು ಯಾರೂ ಏನೂ ಕೇಳಲಿಲ್ಲ.

ಎಡಗಾಲು ಕುಂಟುತ್ತ ಗೇಟು ದಾಟಿದ ನಾದಿನಿ ತಿರುವಿನಲ್ಲಿ ಬಲಗಾಲು ಕುಂಟತೊಡಗಿದಳು. ಇಂಥದು ಇಕ್ಕಳದಕ್ಕನ ಕಣ್ಣು ತಪ್ಪುವುದುಂಟೇ? ಮೂಲೆಯ ಕ್ಲಿನಿಕ್ಕಿನ ಮುಂದೆ ನಾದಿನಿ ನಿಲ್ಲಲೇ ಇಲ್ಲ. ಸೀದಾ ದೊಡ್ಡಾಸ್ಪತ್ರೆಗೆ ಹೋಗಿ, ಸುತ್ತು ಹಾಕಿ, ಹಿಂಬಾಗಿಲಿಗೆ ಬಂದಳು. ಅಷ್ಟು ಹೊತ್ತಿಗೆ ಕುಂಟುವುದನ್ನೇ ಮರೆತಿದ್ದಳು.

"ಈ ಬಾಗಿಲು ನಿನಗೆ ಹೇಗೇ ಗೊತ್ತು? ನನ್ನ ಬೆನ್ನು ಹತ್ತಿದ್ದೀಯಾ?"

"ಅಣ್ಣನ್ನ ಮೊದಲು ಇಲ್ಲಿಗೆ ಕರ್ಕೊಂಡು ಬಂದವಳೇ ನಾನು, ಅತ್ತಿಗೆ. ನರ್ಸಮ್ಮ ಈ ಗಾಯದ ಮಾತನ್ನ ಅವನಿಗೂ ಹೇಳಿದ್ರು. ನಿಮಗೂ ಬಂದಿದೆ ಅಂತ ಆಮೇಲೆ ಅವನೇ ನನಗೆ ಹೇಳಿದ. ಅವತ್ತಿಂದ ನಿಮ್ಮ ಕೈಕಾಲನ್ನೇ ನೋಡ್ತಾ ಕೂತಿದ್ದೀನಿ."

"ಚಪ್ಪಲಿ ಬಿಚ್ಚು," ಎಂದಳು ಇಕ್ಕಳದಕ್ಕ. ಎರಡೂ ಅಂಗಾಲುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಗೀರೂ ಇರಲಿಲ್ಲ. ಸಿಟ್ಟು ಬಂತು, ಹಿಂದೆಯೇ ಅಳು ಬಂತು. ನರ್ಸಮ್ಮ ಕರೆದಾಗ ನಾದಿನಿಯ ಕೈ ಹಿಡಿದೇ ಒಳಗೆ ಹೋದಳು.

ಮರುದಿನ ಅಂಗಳದವರು ನಾದಿನಿಗೆ ಪುಕ್ಕಲಿ ಎಂದು ಹೆಸರಿಟ್ಟು ಗೇಟಿನಲ್ಲೇ ಕಾಯುತ್ತಿದ್ದರು. ಅವಳು ಕುಂಟುತ್ತ ಬರುತ್ತಿದ್ದಳು. ಇಕ್ಕಳದಕ್ಕ ತನ್ನ ಕಾಲಿನ ನೋವು ನುಂಗಿಕೊಂಡು ಸರಸರನೆ ಹೋಗಿ ಆಸರೆ ಕೊಡುವವಳಂತೆ ತೋಳು ಹಿಡಿದು ಕಿವಿಯಲ್ಲಿ ಗದರಿದಳು: "ಎಡಗಾಲು ಕಣೇ, ಎಡಗಾಲು!"